ಕೊಡದವನಿಗೆ ಕೊಡಬಾರದೆ?

ಹಸಿರುಗೊಬ್ಬರಕ್ಕೆಂದು ಬಿತ್ತಿದ ಅಪ್ಸೆಣಬು ಹಳದಿ ಹೂ ಬಿಡುತ್ತಿದ್ದ ಕಾಲದಲ್ಲಿ ರೈತರೊಬ್ಬರು ಒಂದು ಗಿಡವನ್ನು ಬೇರುಸಹಿತ ಕಿತ್ತು ತಂದು ನಮ್ಮ ಮುಂದಿಟ್ಟು, "ಬುದ್ಧಿ, ಈ ಗಿಡಕ್ಕೆ ತಿಳಿದ ನ್ಯಾಯ ನಮಗೇಕೆ ತಿಳಿಯಬಾರದು?" ಎಂದು ಕೇಳಿದರು. ಅವರ ಮನೆಯಲ್ಲಿ ಮೂವತ್ತು ವರ್ಷ ದುಡಿದ ಆಳು ಈಗ ಕೈಲಾಗದೆ ಕುಳಿತಿದ್ದಾನೆ. ಅವನಿಗೆ ಸುಗ್ಗಿಯಲ್ಲಿ ಕೊಡುತ್ತ ಬಂದ ಜೋಳವನ್ನು ನಿಲ್ಲಿಸಬೇಕೆಂಬುದು ಮಕ್ಕಳ ಹಟ. ಕೃಷಿಶಾಸ್ತ್ರ ಓದಿದ ಕಿರಿಯ ಮಗನು ಗಿಡದ ದೃಷ್ಟಾಂತವನ್ನೂ ಒದಗಿಸಿದ್ದನು.

ದೃಷ್ಟಾಂತವು ಬಲವಾದುದೆಂಬುದನ್ನು ಒಪ್ಪಲೇಬೇಕು. ಅವರೆ, ತೊಗರಿ, ಸೆಣಬು ಮೊದಲಾದವುಗಳ ಕುಲದ ಬಹುಪಾಲು ಸಸ್ಯಗಳ ಬೇರಿನಲ್ಲಿ ಸಣ್ಣ ಗಂಟುಗಳಿರುತ್ತವೆ. ಅವುಗಳೊಳಗಿನ ಸೂಕ್ಷ್ಮಾಣುಗಳನ್ನು 1888ರಲ್ಲಿ ಹಾಲೆಂಡಿನ ಬೈಯರಿಂಕ್ ಎಂಬ ವಿಜ್ಞಾನಿಯು ಬೇರ್ಪಡಿಸಿ ಬೆಳೆಸಿದನು. ಎಲೆಗಳು ಬಿಸಿಲಿನಲ್ಲಿ ಸಿದ್ಧಪಡಿಸಿದ ಸಕ್ಕರೆಯ ಅಂಶವನ್ನು ಗಿಡವು ಇವುಗಳಿಗೆ ಉಣಿಸುತ್ತದೆ. ಇವು ಗಾಳಿಯ ಸಾರಜನಕವನ್ನು ಗಿಡವು ಹೀರಬಲ್ಲ ರೂಪಕ್ಕೆ ತಂದು ಒಪ್ಪಿಸುತ್ತವೆ. ದುಡಿಯುವ ಗಂಟನ್ನು ಸೀಳಿದರೆ ಒಳಗೆ ನಸುಗೆಂಪು. ನಮ್ಮ ರಕ್ತಕ್ಕೆ ಕೆಂಪು ಕೊಡುವ ದ್ರವ್ಯದ ಬಂಧುವೇ ಅಲ್ಲಿಯೂ ಇದೆ! ಕೊಡದ ಗಂಟಿನ ಗತಿಯೇನು? ಕೀರ್ಸ್ ಮತ್ತು ಸಂಗಡಿಗರು ಸೋಯಾ ಅವರೆಯ ಮೇಲೆ ನಡೆಸಿ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಂತಹ ಗಂಟುಗಳೊಳಗಣ ಸೂಕ್ಷ್ಮಾಣುಗಳ ವೃದ್ಧಿ ಕುಂಠಿತವಾಯಿತು. ಗಿಡವು ಅವುಗಳಿಗೆ ಹೋಗುವ ಆಮ್ಲಜನಕವನ್ನು ತಗ್ಗಿಸಿದ ಲಕ್ಷಣಗಳು ಕಂಡುಬಂದವು.

ಮಗನು ಇಷ್ಟಕ್ಕೆ ನಿಂತಿದ್ದನು. ಆದರೆ ಆ ಗಂಟುಗಳು ಕೊಡದೆ ಹೋದುದೇಕೆಂಬುದೇ ಇಲ್ಲಿ ವಿಚಾರಣೀಯ. ಸೂಕ್ಷ್ಮಾಣುಗಳು ಸೋಮಾರಿಗಳಾಗಿರಲಿಲ್ಲ. ಅವುಗಳ ಸುತ್ತಲಿನ ಗಾಳಿಯಿಂದ ವಿಜ್ಞಾನಿಗಳೇ ಸಾರಜನಕವನ್ನು ತೆಗೆದು, ಅದರ ಸ್ಥಾನದಲ್ಲಿ ಆರ್ಗಾನ್ ಅನಿಲವನ್ನು ತುಂಬಿದ್ದರು. ದುಡಿಯಲು ಸಾಧನವೇ ಇಲ್ಲದಂತಾದವುಗಳಿಗೆ ಗಿಡವು ಶಿಕ್ಷೆ ವಿಧಿಸಿತು. ಗಿಡವನ್ನು ದೂರುವಂತಿಲ್ಲ, ಫಲವನ್ನು ಎಣಿಸಬಲ್ಲುದೇ ಹೊರತು ಕಾರಣವನ್ನು ಕೇಳುವ ಶಕ್ತಿ ಅದಕ್ಕಿಲ್ಲ. ಪಾತ್ರಾಪಾತ್ರ ವಿವೇಕವೆಂದು ನಾವು ದೊಡ್ಡ ಹೆಸರಿನಿಂದ ಕರೆಯುವುದು ಎಷ್ಟೋ ವೇಳೆ ಈ ಎಣಿಕೆಯೇ ಆಗಿರುತ್ತದೆ. ದುಡಿಯಲೊಲ್ಲದವನು ಬೇರೆ, ದುಡಿಯಲಾರದವನು ಬೇರೆ. ಇಬ್ಬರ ಕಣವೂ ಬರಿದಾಗಿರುವುದರಿಂದ ಇಬ್ಬರನ್ನೂ ಒಂದೇ ಎನ್ನಬಹುದೆ?

ಅವರ ಹೊಲದ ಬದುವಿನಲ್ಲಿ ತಂಗಡಿ ಬೆಳೆದಿದೆ, ಆವರಿಕೆಯೆಂದೂ ಕರೆಯುವರು. ಅದೂ ಇದೇ ಕುಲದ್ದು, ಹೂವೂ ಹಳದಿಯೇ. ಆದರೆ ಅದರ ಬೇರಿನಲ್ಲಿ ಈ ಗಂಟುಗಳು ಕಾಣವು. ಸಾರಜನಕದ ಲೆಕ್ಕದಲ್ಲಿ ಅದು ನಿಷ್ಪ್ರಯೋಜಕ. ಹೀಗಿದ್ದೂ ಬರಡು ನೆಲದಲ್ಲಿ ಹೂ ತಳೆದು ನಿಲ್ಲುತ್ತದೆ, ಮಣ್ಣು ಕೊಚ್ಚಿಹೋಗದಂತೆ ಹಿಡಿಯುತ್ತದೆ. ಚರ್ಮ ಹದಮಾಡುವವರಿಗೆ ಅದರ ತೊಗಟೆ ಬಹುಕಾಲ ಒದಗಿಬಂದಿದೆ. ಯಾವ ಪುಸ್ತಕದಲ್ಲಿ ಲೆಕ್ಕ ಬರೆಯುತ್ತೇವೆಂಬುದರ ಮೇಲೆ ಸಾಲಗಾರನಾರೆಂಬುದು ನಿಂತಿರುತ್ತದೆ.

ಆ ಆಳಿಗೆ ಕೈಲಾಗದಂತಾದುದು ಎಂದಿನಿಂದ ಎಂದು ನಾವು ಕೇಳಿದೆವು. ರೈತರು ಗಿಡದ ಬೇರಿನ ಮಣ್ಣನ್ನು ಉದುರಿಸುತ್ತ ಬಹಳ ಹೊತ್ತು ಸುಮ್ಮನಿದ್ದರು. "ನಮ್ಮ ಬಾವಿ ತೋಡುವಾಗ ಬಿದ್ದು ಸೊಂಟ ಹೋಯಿತು, ಬುದ್ಧಿ" ಎಂದರು.