ಗಾಡಿ ಯಾರ ಕೈಲಿದೆ?

ಕಳೆದ ವರ್ಷ ಎಲೆಕ್ಟ್ರಿಕ್ ಕಾರು ಕೊಂಡಾಗ ನಮ್ಮ ದೇವಸ್ಥಾನದಲ್ಲೇ ವಾಹನ ಪೂಜೆ ಮಾಡಿಸಿದೆವು. ಅರ್ಚಕರು ಸಂಕಲ್ಪಕ್ಕೆ ನನ್ನ ಗೋತ್ರ, ನಕ್ಷತ್ರ, ಹೆಸರು ಕೇಳಿದರು. ಬಾನೆಟ್ ಮೇಲೆ ಸ್ವಸ್ತಿಕ ಬರೆದು, ನಾಲ್ಕು ಚಕ್ರಗಳ ಕೆಳಗೂ ನಿಂಬೆಹಣ್ಣು ಇಟ್ಟು, "ಈಗ ಮುಂದಕ್ಕೆ ತೊಗೊಳ್ಳಿ" ಎಂದರು. ಪಕ್ಕದಲ್ಲಿದ್ದ ಸ್ನೇಹಿತರೊಬ್ಬರು, "ತಾನೇ ಓಡುವ ಕಾರು ಅಂತೀರಿ, ನಿಂಬೆಹಣ್ಣಿನ ಮೇಲೂ ಅದೇ ಹೋಗಲಿ ಬಿಡಿ!" ಎಂದು ನಕ್ಕರು. ಆ ನಾಲ್ಕು ಅಡಿ ಮಾತ್ರ ನಾನೇ ಓಡಿಸಿದೆ.

ಆ ಸಂಕಲ್ಪ ಮತ್ತೆ ನೆನಪಾದದ್ದು ಡಿಸೆಂಬರ್ ರಜೆಯಲ್ಲಿ. ಹಾಸನದಿಂದ ಬಂದಿದ್ದ ನಮ್ಮ ಸೋದರಮಾವನಿಗೆ ಮಾಲಿಬು ವೆಂಕಟೇಶ್ವರನ ದರ್ಶನ ಮಾಡಿಸೋಣವೆಂದು ಬೇ ಏರಿಯಾದಿಂದ ಬೆಳಗ್ಗೆ ಆರಕ್ಕೆ ಹೊರಟೆವು. ಸುಮಾರು 350 ಮೈಲಿ. ಅಷ್ಟು ದೂರವನ್ನೂ ಸ್ಟಿಯರಿಂಗ್ ಮುಟ್ಟದೆ ಹೋಗಬೇಕೆಂಬುದು ನನ್ನ ಹಟ. ಮಾವ ಮೂವತ್ತೊಂದು ವರ್ಷ ಕೆ.ಎಸ್.ಆರ್.ಟಿ.ಸಿ. ಡ್ರೈವರ್ ಆಗಿದ್ದವರು, ಮಳೆಗಾಲದ ರಾತ್ರಿಗಳಲ್ಲಿ ಶಿರಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಬಸ್ಸು ಒಯ್ದವರು. ಅಪಘಾತವಿಲ್ಲದ ಚಾಲನೆಗೆ ಸಿಕ್ಕ ಬೆಳ್ಳಿ ಪದಕ ಈಗಲೂ ಅವರ ಮನೆಯ ಶೋಕೇಸಿನಲ್ಲಿದೆ.

ಫ್ರೀವೇ ಹತ್ತಿದ ಮೇಲೆ ಕಾರಿಗೆ ಚಾಲನೆ ಒಪ್ಪಿಸಿ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡೆ. ಮಾವ ಸ್ವಲ್ಪ ಹೊತ್ತು ನನ್ನ ಕೈಗಳನ್ನೇ ನೋಡಿದರು.

"ಈಗ ಗಾಡಿ ಯಾರ ಕೈಲಿದೆಯೋ?"

"ಕಾರೇ ಓಡಿಸ್ತಿದೆ ಮಾವ. ನಾನು ನೋಡ್ಕೊಂಡಿದ್ರೆ ಸಾಕು."

"ಹಂಗಾದ್ರೆ ನೋಡ್ಕೋ" ಎಂದು ಅವರು ತಮ್ಮ ಪಕ್ಕದ ಕನ್ನಡಿಯ ಕಡೆ ತಿರುಗಿದರು.

ನಿಜ ಹೇಳಬೇಕೆಂದರೆ ಕಾರು ಚೆನ್ನಾಗಿಯೇ ಓಡಿಸುತ್ತದೆ. ಲೇನ್ ಬದಲಿಸುತ್ತದೆ, ಲಾರಿಗಳನ್ನು ಹಿಂದೆ ಹಾಕುತ್ತದೆ, ಚಾರ್ಜ್ ಎಲ್ಲಿ ಮಾಡಬೇಕೆಂದು ತಾನೇ ಲೆಕ್ಕ ಹಾಕುತ್ತದೆ. ಬಾದಾಮಿ ತೋಟಗಳು, ಕೋಲಿಂಗಾದ ದನಗಳ ವಾಸನೆ ಎಲ್ಲ ದಾಟಿ ಕೆಟಲ್‌ಮನ್ ಸಿಟಿಯಲ್ಲಿ ಅರ್ಧ ಗಂಟೆ ಚಾರ್ಜಿಗೆ ನಿಂತು ಡಬ್ಬಿಯ ಪುಳಿಯೋಗರೆ ತಿಂದೆವು. ಗಾಡಿಗೂ ಜನಕ್ಕೂ ಒಟ್ಟಿಗೆ ಊಟ ಎಂದು ಮಾವನಿಗೆ ಬಹಳ ಹಿಡಿಸಿತು.

ಅಲ್ಲಿಂದ ಹೊರಟು ಇಪ್ಪತ್ತು ನಿಮಿಷವಾಗಿರಬಹುದು. ವೇಗ 70 ಮೈಲಿ. ಹಿಂದಿನ ಸೀಟಿನಿಂದ ಮಗಳು ಕೋಡುಬಳೆ ಡಬ್ಬಿ ಚಾಚಿದಳು, ನಾನು ತಿರುಗಿದೆ. ಎರಡು ಸೆಕೆಂಡು ಇರಬಹುದು. ಮುಂದೆ ರಸ್ತೆ ಖಾಲಿ, ಅಡ್ಡಕ್ಕೆ ಒಂದು ಸೇತುವೆ, ರಸ್ತೆಯ ಮೇಲೆ ಅದರ ನೆರಳು. ಕಾರು ಆ ನೆರಳಿನಲ್ಲಿ ಏನು ಕಂಡಿತೋ, ಗಕ್ಕನೆ ಬ್ರೇಕ್ ಹಾಕಿತು. "ಹಿಂದೆ ಲಾರಿ! ಒತ್ತು, ಒತ್ತು!" ಎಂದು ಮಾವ ಕೂಗಿದರು. ನಾನು ಆಕ್ಸಿಲರೇಟರ್ ಒತ್ತಿದೆ. ಲಾರಿಯವನು ಉದ್ದಕ್ಕೆ ಹಾರ್ನ್ ಹೊಡೆಯುತ್ತಾ ಪಕ್ಕದ ಲೇನಿಗೆ ಹೊರಳಿ ಮುಂದೆ ಹೋದ. ಏನೂ ಆಗಲಿಲ್ಲ. ಕೋಡುಬಳೆ ಮಾತ್ರ ಕಾರಿನ ತುಂಬಾ ಚೆಲ್ಲಿತ್ತು.

ಹಿಂದೆ ಲಾರಿ ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಮಾವ ಕೆಟಲ್‌ಮನ್ ಸಿಟಿಯಿಂದಲೇ ಅದನ್ನು ಕನ್ನಡಿಯಲ್ಲಿ ನೋಡುತ್ತಿದ್ದರಂತೆ. ಪೆಡಲ್ ಇದ್ದವನು ನೋಡುತ್ತಿರಲಿಲ್ಲ, ನೋಡುತ್ತಿದ್ದವರಿಗೆ ಪೆಡಲ್ ಇರಲಿಲ್ಲ.

ಸಂಜೆ ಲಾಸ್ ಏಂಜಲೀಸಿನ ಸ್ನೇಹಿತರ ಮನೆಯಲ್ಲಿ ಕಾಫಿ ಕುಡಿಯುತ್ತಾ ನಾನು ಹೇಳಿದ್ದು ಹೀಗೆ: "ಬೆಳಗ್ಗೆ ಆರಕ್ಕೆ ಹೊರಟು ಆರಾಮಾಗಿ ಓಡಿಸಿಕೊಂಡು ಬಂದೆ. ಮಧ್ಯೆ ಒಂದ್ಸಲ ಕಾರು ಬ್ರೇಕ್ ಹಾಕಿಬಿಡ್ತು, ಅಷ್ಟೇ." ಮಾವ ಲೋಟ ಕೆಳಗಿಟ್ಟು, "ಅಲ್ಲಪ್ಪಾ, ಬಂದಿದ್ದು ನೀನು, ಬ್ರೇಕ್ ಹಾಕಿದ್ದು ಕಾರು?" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ರಾತ್ರಿ ಬೇಗ ನಿದ್ದೆ ಬರಲಿಲ್ಲ.

ಶ್ರೀರಾಮಕೃಷ್ಣ ಪರಮಹಂಸರು ಹೇಳುತ್ತಿದ್ದ ಒಂದು ಕಥೆ ನಿಮ್ಮಲ್ಲಿ ಅನೇಕರಿಗೆ ಗೊತ್ತಿರುತ್ತದೆ. ಒಬ್ಬ ಬ್ರಾಹ್ಮಣ ಚೆಂದದ ತೋಟ ಮಾಡಿದ್ದ. ಅದಕ್ಕೆ ನುಗ್ಗಿದ ಹಸುವನ್ನು ಸಿಟ್ಟಿನಲ್ಲಿ ಹೊಡೆದು ಕೊಂದ. ಪಾಪ ಬಂದು ಹಿಡಿದಾಗ, "ಕೈಗೆ ಅಧಿದೇವತೆ ಇಂದ್ರ, ಕೊಂದದ್ದು ಅವನು, ನಾನಲ್ಲ" ಎಂದ. ಆಮೇಲೆ ಇಂದ್ರ ಮುದುಕನ ವೇಷದಲ್ಲಿ ಬಂದು, ಈ ತೋಟ ಮಾಡಿದ್ದು ಯಾರೆಂದು ಕೇಳಿದರೆ, "ನಾನೇ, ಗಿಡಗಳೆಲ್ಲ ನಾನೇ ನೆಟ್ಟದ್ದು" ಎಂದು ಹಿಗ್ಗಿದನಂತೆ! ಚಿಕ್ಕಂದಿನಲ್ಲಿ ಈ ಕಥೆ ಕೇಳಿ ಆ ಬ್ರಾಹ್ಮಣ ಎಂಥ ದಡ್ಡ ಎಂದುಕೊಂಡಿದ್ದೆ. ಇಂಜಿನಿಯರಿಂಗ್ ಓದಿ, ಹದಿಮೂರು ವರ್ಷ ಸಾಫ್ಟ್‌ವೇರ್ ಬರೆದ ಮೇಲೆ ಅವನು ನನ್ನ ಸಹೋದ್ಯೋಗಿಯಂತೆ ಕಾಣುತ್ತಾನೆ. ನಮ್ಮ ಆಫೀಸಿನಲ್ಲಿ ಕೆಲಸ ಸರಿಯಾಗಿ ಆದರೆ "ನಾವು ರಿಲೀಸ್ ಮಾಡಿದೆವು", ಕೆಟ್ಟರೆ "ಸಿಸ್ಟಮ್ ಡೌನ್ ಆಯಿತು".

ಗೀತಾ ತರಗತಿಗಳಲ್ಲಿ ನಾವು 'ನಿಮಿತ್ತಮಾತ್ರ' ಎನ್ನುತ್ತೇವೆ, 'ಸಾಕ್ಷಿಭಾವ' ಎನ್ನುತ್ತೇವೆ. ಮಾಡುವವನು ನಾನಲ್ಲ, ನೋಡುವವನು ಮಾತ್ರ ಎನ್ನುವುದು ದೊಡ್ಡವರ ಅನುಭವದ ಮಾತು. ಆದರೆ ಈ ಕಾರಿನಲ್ಲಿ ನೋಡುವುದೇ ನನ್ನ ಕೆಲಸ! ಚಾಲನೆಯ ಸ್ವಯಂಚಾಲನೆಯನ್ನು 0ರಿಂದ 5ರವರೆಗೆ ಆರು ಹಂತಗಳಾಗಿ ವಿಂಗಡಿಸುತ್ತಾರೆ. ನನ್ನದು ಎರಡನೆಯದು. ಕೈ ಕಾಲಿನ ಕೆಲಸ ಕಾರು ಮಾಡಿದರೂ ಹೊಣೆಯೆಲ್ಲ ಸೀಟಿನಲ್ಲಿರುವವನದು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡ್ರೈವರೇ ಇಲ್ಲದ ವೇಮೋ ಟ್ಯಾಕ್ಸಿ ಹತ್ತಿದವನಿಗೆ ಈ ತಾಪತ್ರಯವಿಲ್ಲ, ಹಿಂದೆ ಕೂತು ನಿದ್ದೆ ಮಾಡಬಹುದು. ನಡುವಿನವರದ್ದೇ ಕಷ್ಟ. ಲಿಸಾನ್ ಬೈನ್‌ಬ್ರಿಜ್ ಎಂಬ ಮನೋವಿಜ್ಞಾನಿ 1983ರಲ್ಲೇ, ಕಾರ್ಖಾನೆಗಳ ಸ್ವಯಂಚಾಲಿತ ಯಂತ್ರಗಳ ವಿಷಯವಾಗಿ ಇದನ್ನು ಬರೆದಿದ್ದರು. ಸುಲಭದ ಕೆಲಸವನ್ನೆಲ್ಲ ಯಂತ್ರಕ್ಕೆ ಕೊಟ್ಟು, ಅದರ ಕೈಲಾಗದ ಕಷ್ಟದ ಗಳಿಗೆಯನ್ನು ಮನುಷ್ಯನಿಗೆ ಬಿಡುತ್ತೇವೆ. ಅಷ್ಟು ಹೊತ್ತಿಗೆ ಅವನಿಗೆ ಅಭ್ಯಾಸವೂ ತಪ್ಪಿರುತ್ತದೆ, ಗಮನವೂ ಇರುವುದಿಲ್ಲ.

ಹಾಗಾದರೆ ತಪ್ಪೆಲ್ಲ ಸೀಟಿನಲ್ಲಿ ಕೂತವನದೇ? 2018ರ ಮಾರ್ಚ್ 18ರ ರಾತ್ರಿ ಅರಿಜೋನಾದ ಟೆಂಪಿಯಲ್ಲಿ ಊಬರ್ ಕಂಪನಿಯ ಪರೀಕ್ಷಾ ಕಾರು, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಡಿಕ್ಕಿ ಹೊಡೆದು ಆಕೆ ತೀರಿಕೊಂಡರು. ಕಾರಿನ ಸೆನ್ಸರುಗಳು 5.6 ಸೆಕೆಂಡು ಮೊದಲೇ ಆಕೆಯನ್ನು ಗುರುತಿಸಿದ್ದವು, ಆದರೆ ಅದು ವಾಹನವೋ ಸೈಕಲ್ಲೋ ಬೇರೇನೋ ಎಂದು ಸಾಫ್ಟ್‌ವೇರ್ ಮನಸ್ಸು ಬದಲಿಸುತ್ತಲೇ ಇತ್ತು. ಕಾರು ತಯಾರಿಸಿದವರೇ ಕೊಟ್ಟಿದ್ದ ತುರ್ತು ಬ್ರೇಕ್, ಕಂಪ್ಯೂಟರ್ ಓಡಿಸುವಾಗ ಕೆಲಸ ಮಾಡದಂತೆ ಇಟ್ಟಿದ್ದರು. ಸೀಟಿನಲ್ಲಿದ್ದ ಉಸ್ತುವಾರಿ ಡ್ರೈವರ್ ಫೋನಿನಲ್ಲಿ ಟಿ.ವಿ. ಕಾರ್ಯಕ್ರಮ ನೋಡುತ್ತಿದ್ದರು. ಕಂಪನಿಯ ಮೇಲೆ ಕ್ರಿಮಿನಲ್ ಮೊಕದ್ದಮೆ ಆಗಲಿಲ್ಲ. ಡ್ರೈವರ್ 2023ರಲ್ಲಿ ತಪ್ಪೊಪ್ಪಿಕೊಂಡು ಮೂರು ವರ್ಷದ ಪ್ರೊಬೇಷನ್ ಪಡೆದರು. ಅವರದು ತಪ್ಪೇ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಬ್ರೇಕ್ ಬೇಡವೆಂದವರು ಯಾರು? ನಾನು ದಿನಾ ಕೂರುವಂಥದ್ದೇ ಒಂದು ಮೀಟಿಂಗಿನಲ್ಲಿ ಯಾರೋ ಹಾಗೆಂದಿರಬೇಕು, ಉಳಿದವರು ತಲೆಯಾಡಿಸಿರಬೇಕು. ಅಂಥ ಮೀಟಿಂಗುಗಳಲ್ಲಿ ನಾನೂ ತಲೆಯಾಡಿಸಿದ್ದೇನೆ. ಅಲ್ಲಿ ಗೋತ್ರ ನಕ್ಷತ್ರ ಯಾರೂ ಕೇಳುವುದಿಲ್ಲ.

ಕಾರು ಮಾರಿಬಿಟ್ಟೆ ಎಂದುಕೊಳ್ಳಬೇಡಿ. ಈಗಲೂ ಅದಕ್ಕೇ ಓಡಿಸಲು ಬಿಡುತ್ತೇನೆ, ಸುಸ್ತಾದಾಗ ಅದು ನನಗಿಂತ ವಾಸಿ. ಆದರೆ "ಕಾರು ಮಾಡಿತು" ಎನ್ನಲು ಬಾಯಿ ತೆರೆದಾಗಲೆಲ್ಲ ಮಾವ ಲೋಟ ಕೆಳಗಿಟ್ಟ ಸದ್ದು ಕೇಳಿಸುತ್ತದೆ.

ದರ್ಶನ ಚೆನ್ನಾಗಿ ಆಯಿತು. ವಾಪಸು ಬರುವಾಗ ಘಾಟಿ ಇಳಿದು ಬಯಲಿಗೆ ಬಂದರೆ ಚಳಿಗಾಲದ ದಟ್ಟ ಮಂಜು. ಕ್ಯಾಮೆರಾಗಳಿಗೆ ಏನೂ ಕಾಣದೆ ಕಾರು ಕುಯ್‌ಗುಟ್ಟಿ ಸ್ಟಿಯರಿಂಗನ್ನು ನನಗೇ ಒಪ್ಪಿಸಿತು. ನಿಧಾನವಾಗಿ ಓಡಿಸಿದೆ, ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಬ್ಯಾಟರಿ ಇಳಿಯುತ್ತಿದ್ದುದರಿಂದ ಕೆಟಲ್‌ಮನ್ ಸಿಟಿಯಲ್ಲಿ ಫ್ರೀವೇ ಬಿಟ್ಟೆವು, ಆದರೆ ಚಾರ್ಜಿಂಗ್ ಸ್ಟೇಷನ್ನಿನ ತಿರುವು ಕಾಣಲೊಲ್ಲದು. ಮಾವ ಗಾಜು ಇಳಿಸಿ, ಮಫ್ಲರ್ ಸುತ್ತಿದ ತಲೆಯನ್ನು ಹೊರಗೆ ಹಾಕಿದರು. ಇಷ್ಟು ವರ್ಷ ಕಂಡಕ್ಟರನಿಂದ ಕೇಳಿದ್ದನ್ನು ತಾವೇ ಹೇಳತೊಡಗಿದರು: "ರೈಟ್... ರೈಟ್... ಬರ್ಲಿ, ಬರ್ಲಿ... ಹೋಲ್ಡಾನ್!"