ಮನೆ ಕಟ್ಟಿದವರದೋ, ಬಾಳಿದವರದೋ?

ಒಂದು ಮನೆ ಯಾರದು? ಪತ್ರದಲ್ಲಿ ಯಾರ ಹೆಸರಿದೆಯೋ ಅವರದು ಎನ್ನುತ್ತದೆ ಕಾನೂನು. ಆದರೆ ಪ್ರಶ್ನೆ ಅಲ್ಲಿಗೇ ಮುಗಿಯುವುದಿಲ್ಲ. ಅಮೆರಿಕದ ಲಾಸ್ ಏಂಜಲೀಸ್‌ಗೆ ಅಂಟಿಕೊಂಡಿರುವ ವೆಸ್ಟ್ ಹಾಲಿವುಡ್‌ನಲ್ಲಿ ಷಿಂಡ್ಲರ್ ಮನೆಯನ್ನು ನೋಡಿದಾಗ ಈ ಪ್ರಶ್ನೆ ನಮ್ಮನ್ನು ಬಹುವಾಗಿ ಕಾಡಿತು.

ವಿಯೆನ್ನಾದಿಂದ 1914ರಲ್ಲಿ ಅಮೆರಿಕಕ್ಕೆ ವಲಸೆ ಬಂದ ವಾಸ್ತುಶಿಲ್ಪಿ ರುಡಾಲ್ಫ್ ಷಿಂಡ್ಲರ್ 1922ರಲ್ಲಿ ಕಟ್ಟಿ ಮುಗಿಸಿದ ಮನೆ ಇದು. ಕಾಂಕ್ರೀಟ್ ಹಲಗೆಗಳನ್ನು ನೆಲದ ಮೇಲೆಯೇ ಎರಕಹೊಯ್ದು, ಗಟ್ಟಿಯಾದ ಮೇಲೆ ಎತ್ತಿ ನಿಲ್ಲಿಸಿದ ಗೋಡೆಗಳು; ತೋಟದ ಕಡೆಗೆ ಸರಿಯುವ ಬಾಗಿಲುಗಳು; ಮಲಗಲು ಮಾಳಿಗೆಯ ಮೇಲೆ ಗಾಳಿಯಾಡುವ ಜಾಗ. ಎರಡು ದಂಪತಿಗಳಿಗಾಗಿ ಕಟ್ಟಿದ್ದು. ನಾಲ್ವರಿಗೂ ಒಂದೊಂದು ಸ್ವಂತ ಕೋಣೆ, ಎಲ್ಲರಿಗೂ ಒಂದೇ ಅಡುಗೆಮನೆ. ಎಷ್ಟು ಸಮಾನತೆ! ಆದರೆ ಅಡುಗೆಯ ಸರದಿ ಮಾತ್ರ ಹೆಂಗಸರಿಬ್ಬರದೇ ಎಂದು ಯೋಜನೆಯಲ್ಲಿಯೇ ಇತ್ತು. ಹೊಸ ಗೋಡೆಗಳ ಒಳಗೆ ಹಳೆಯ ವ್ಯವಸ್ಥೆ!

ಪತ್ನಿ ಪೌಲಿನ್ 1927ರಲ್ಲಿ ಪತಿಯನ್ನು ಬಿಟ್ಟು ಹೋದರು. ವರ್ಷಗಳ ನಂತರ ಮರಳಿ ಬಂದು, ಅದೇ ಮನೆಯ ಒಂದು ಭಾಗದಲ್ಲಿ ಪ್ರತ್ಯೇಕವಾಗಿ ನೆಲೆಸಿದರು. ಕಾಂಕ್ರೀಟು, ಮರ ಎರಡೂ ತಮ್ಮ ಸಹಜ ರೂಪದಲ್ಲಿಯೇ ಕಾಣಬೇಕೆಂಬುದು ಷಿಂಡ್ಲರರ ತತ್ವ. ಪೌಲಿನ್ ತಮ್ಮ ಭಾಗಕ್ಕೆ ಗುಲಾಬಿ ಬಣ್ಣ ಬಳಿದರು. ಷಿಂಡ್ಲರ್ 1953ರಲ್ಲಿ ತೀರಿಕೊಂಡರು. ಪೌಲಿನ್ 1977ರಲ್ಲಿ ಕಣ್ಣುಮುಚ್ಚುವವರೆಗೂ ಅಲ್ಲಿಯೇ ಬಾಳಿದರು. ಮನೆಯನ್ನು ಉಳಿಸಬೇಕೆಂದು ದುಡಿದವರಲ್ಲಿ ಅವರೂ ಒಬ್ಬರು. ಆಮೇಲೆ ಜೀರ್ಣೋದ್ಧಾರವಾಯಿತು; ಮನೆಯನ್ನು 1922ರ ರೂಪಕ್ಕೆ ಮರಳಿಸುವುದೇ ಗುರಿಯಾಗಿ, ಗುಲಾಬಿ ಬಣ್ಣ ಹೋಯಿತು. 1994ರಿಂದ ಅದು ಕಲಾಕೇಂದ್ರ.

ಇದು ನ್ಯಾಯವೆ? ನ್ಯಾಯವೆಂದು ವಾದಿಸಬಹುದು. ಜನ ದೂರದಿಂದ ಬರುವುದು ಷಿಂಡ್ಲರರ ಕಲ್ಪನೆಯನ್ನು ನೋಡಲು. ಬಂದುಹೋದವರ ಬಣ್ಣಗಳನ್ನೆಲ್ಲ ಉಳಿಸುತ್ತ ಹೋದರೆ ಮೂಲವೇ ಮರೆಯಾದೀತು. ಒಪ್ಪೋಣ. ಆದರೆ ಕಲ್ಪನೆಗೆ ಬೇಕಾದದ್ದು ಒಂದೆರಡು ವರ್ಷ. ಅದರೊಳಗೆ ಬಾಳಲು ಬೇಕಾದದ್ದು ಒಂದು ಆಯುಷ್ಯ. ಮೊದಲನೆಯದಕ್ಕೆ ಮಾತ್ರ ಬೆಲೆಯೆ?

ಸರ್ಕಾರಿ ಕ್ವಾರ್ಟರ್ಸುಗಳಲ್ಲಿ ಬಾಳುವ ನಮ್ಮಂಥವರಿಗೆ ಇದು ದೂರದ ಮಾತಲ್ಲ. ಬಾಗಿಲ ಚೌಕಟ್ಟಿನ ಮೇಲೆ ಮಕ್ಕಳ ಎತ್ತರ ಗುರುತುಹಾಕಿರುತ್ತೇವೆ. ವರ್ಗವಾದೊಡನೆ ಅದರ ಮೇಲೆ ಬಣ್ಣ ಬೀಳುತ್ತದೆ. ಮುಂದೆ ಬರುವವರಿಗೂ ಮನೆ ಬೇಕಲ್ಲ, ನಾವು ದೂರುವುದಿಲ್ಲ. ನಮ್ಮ ಸಂಘಗಳಲ್ಲಿಯೂ ಹಾಗೆಯೇ. ಸ್ಥಾಪಕರ ಭಾವಚಿತ್ರ ಗೋಡೆಯ ಮೇಲಿರುತ್ತದೆ. ವರ್ಷಗಟ್ಟಲೆ ಹಬ್ಬದೂಟಕ್ಕೆ ತರಕಾರಿ ಹೆಚ್ಚಿದ ತಾಯಂದಿರ ಹೆಸರು ವರದಿಯಲ್ಲಿಯೂ ಇರುವುದಿಲ್ಲ.

ಅಳಿಸುವುದೇ ತಪ್ಪೆಂದು ನಾವು ಹೇಳುತ್ತಿಲ್ಲ. ಕೆಲವೊಮ್ಮೆ ಅದು ಅನಿವಾರ್ಯ. ಅಳಿಸಿದ ಮೇಲೆ ಅಲ್ಲಿ ಏನೂ ಇರಲಿಲ್ಲವೆಂಬಂತೆ ನಡೆದುಕೊಳ್ಳುವುದು ತಪ್ಪು. ಗೋಡೆ ಷಿಂಡ್ಲರರ ಇಚ್ಛೆಯಂತೆಯೇ ಇರಲಿ. ಅದನ್ನು ತೋರಿಸುವವರು, ಇಲ್ಲಿ ಗುಲಾಬಿ ಬಣ್ಣವಿತ್ತು, ಬಳಿದವರು ಇವರು, ಎಂದು ಹೇಳಿದರೆ ಸಾಕು. ಅಷ್ಟು ಹೇಳುವುದು ಉಪಕಾರವಲ್ಲ, ಸತ್ಯಕ್ಕೆ ಸಲ್ಲಬೇಕಾದ ಬಾಕಿ.