ಕುಂಬಳದ ಹಳದಿ ಯಾರದು?

(ಶಾರದಮ್ಮ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದವರು. ಅನುಷಾ ಅವರ ತಂಗಿಯ ಮಗಳು, ಮಕ್ಕಳ ವೈದ್ಯೆ. ಅನುಷಾಳ ಎಂಟು ತಿಂಗಳ ಕೂಸು ಶಾರದಮ್ಮನ ಮಡಿಲಲ್ಲಿದೆ.)

ಶಾರದಮ್ಮ: ಕೂಸಿನ ಅಂಗೈ ನೋಡೇ, ಅರಿಶಿನ ಸವರಿದ ಹಾಗಿದೆ. ಕಾಮಾಲೆ ಅಲ್ಲ ತಾನೆ?

ಅನುಷಾ: ಅಲ್ಲ ದೊಡ್ಡಮ್ಮ. ಕಾಮಾಲೆಯಾಗಿದ್ದರೆ ಕಣ್ಣಿನ ಬಿಳಿಯೂ ಹಳದಿಗೆ ತಿರುಗುತ್ತಿತ್ತು. ದಿನಾ ಸಿಹಿಗುಂಬಳ, ಕ್ಯಾರೆಟ್ ತಿನ್ನುತ್ತಾಳಲ್ಲ, ಅವುಗಳ ಕ್ಯಾರೊಟಿನ್ ಚರ್ಮದಲ್ಲಿ ನಿಂತಿದೆ. ಸ್ವಲ್ಪ ಕಡಿಮೆ ಮಾಡಿದರೆ ತಾನೇ ಇಳಿಯುತ್ತದೆ.

ಶಾರದಮ್ಮ: ಹಾಗಾದರೆ ಒಂದು ಮಾತು ಕೇಳಬೇಕು. ಎಲೆ ಈ ಬಣ್ಣಗಳನ್ನು ಮಾಡಿಕೊಳ್ಳುವುದು ತನಗಾಗಿ. ಬಿಸಿಲು ಅತಿಯಾದಾಗ ಪತ್ರಹರಿತ್ತು ಹಿಡಿದ ಶಕ್ತಿ ಎಲೆಯನ್ನೇ ಕೆಡಿಸದಂತೆ ಕಾಯುವುದಕ್ಕೆ. ನಮ್ಮ ಕೂಸಿನ ಚಿಂತೆ ಅದಕ್ಕೆಲ್ಲಿದೆ? ಅಂಥದ್ದನ್ನು ‘ಮಗುವಿಗೆ ಒಳ್ಳೆಯದು’ ಅನ್ನುತ್ತೀರಲ್ಲ, ಆ ಒಳ್ಳೆಯತನ ಇರುವುದು ಎಲ್ಲಿ?

ಅನುಷಾ: ಬರೀ ಬಣ್ಣದಲ್ಲಂತೂ ಇಲ್ಲ. ಮಗುವಿನ ದೇಹ ಅದನ್ನು ಏನು ಮಾಡಿಕೊಳ್ಳುತ್ತದೆ ಎಂಬುದರಲ್ಲಿದೆ. ಸೊಪ್ಪಿನಲ್ಲಿರುವ ಲ್ಯೂಟಿನ್ನನ್ನೇ ತೆಗೆದುಕೊಳ್ಳಿ. ನಮ್ಮ ದೇಹ ಅದನ್ನು ತಯಾರಿಸಲಾರದು. ತಾಯಿ ತಿಂದದ್ದು ಗರ್ಭಕ್ಕೆ ಹೋಗುತ್ತದೆ, ಆಮೇಲೆ ಹಾಲಿಗೆ ಇಳಿಯುತ್ತದೆ. ಹೆರಿಗೆಯಾದ ಮೊದಲ ದಿನಗಳ ಹಾಲು ಹಳದಿಯಾಗಿರುವುದು ಇಂಥ ಬಣ್ಣಗಳಿಂದಲೇ. ಎಳೆಗಣ್ಣಿನ ಮಸೂರ ಬಹಳ ತಿಳಿಯಾದದ್ದು, ನೀಲಿ ಬೆಳಕನ್ನು ದೊಡ್ಡವರ ಕಣ್ಣಿಗಿಂತ ಹೆಚ್ಚು ಒಳಬಿಡುತ್ತದೆ. ರೆಟಿನಾದ ನಡುವೆ ಕೂಡಿಕೊಂಡ ಲ್ಯೂಟಿನ್ ಆ ನೀಲಿಯನ್ನು ಹೀರುತ್ತದೆ.

ಶಾರದಮ್ಮ: ಎಲೆಯಲ್ಲಿ ಮಾಡುತ್ತಿದ್ದ ಕಾವಲನ್ನೇ ಕಣ್ಣಿನಲ್ಲೂ ಮಾಡುತ್ತಿದೆ! ಹಾಗಿದ್ದರೆ ಬಣ್ಣ ಹೆಚ್ಚಿದ್ದಷ್ಟೂ ಸತ್ವ ಹೆಚ್ಚು ಅನ್ನಲೇ?

ಅನುಷಾ: ಹಸುವಿನ ತುಪ್ಪ ಹಳದಿ, ಎಮ್ಮೆಯ ತುಪ್ಪ ಬಿಳಿ. ಎರಡೂ ಒಂದೇ ಹುಲ್ಲುಗಾವಲಲ್ಲಿ ಮೇಯ್ದಿರಬಹುದು. ಹಸು ಕ್ಯಾರೊಟಿನ್ನಿನ ಒಂದು ಪಾಲನ್ನು ಹಾಗೇ ಹಾಲಿಗೆ ಬಿಡುತ್ತದೆ, ಎಮ್ಮೆ ಅದನ್ನು ವಿಟಮಿನ್ ಎ ಮಾಡಿಯೇ ಬಿಡುತ್ತದೆ. ವಿಜ್ಞಾನಿಗಳನ್ನೂ ಇದು ಕಾಡಿತ್ತು. 1919ರ ಹೊತ್ತಿಗೆ ಅಮೆರಿಕದ ಸ್ಟೀನ್‌ಬಾಕ್, ಇಲಿಗಳು ಹಳದಿ ಮೆಕ್ಕೆಜೋಳ ತಿಂದು ಬೆಳೆಯುತ್ತವೆ, ಬಿಳಿಯದರಲ್ಲಿ ಸೊರಗುತ್ತವೆ ಎಂದು ಕಂಡಿದ್ದರು. ಆದರೆ ಬಣ್ಣ ಕಾಣದ ಪದಾರ್ಥಗಳಲ್ಲೂ ಅದೇ ಗುಣವಿತ್ತು. 1930ರಲ್ಲಿ ಕೇಂಬ್ರಿಜ್‌ನ ಥಾಮಸ್ ಮೂರ್ ಗಂಟು ಬಿಡಿಸಿದರು. ಇಲಿಯ ದೇಹ ಹಳದಿ ಕ್ಯಾರೊಟಿನ್ನನ್ನು ಹೆಚ್ಚುಕಡಿಮೆ ಬಣ್ಣವೇ ಇಲ್ಲದ ವಿಟಮಿನ್ ಆಗಿಸಿ ಲಿವರ್‌ನಲ್ಲಿ ಇಟ್ಟುಕೊಳ್ಳುತ್ತಿತ್ತು.

ಶಾರದಮ್ಮ: ಬಣ್ಣ ಬಿಟ್ಟುಕೊಟ್ಟ ಮೇಲೆಯೇ ಅದು ತಿಂದವರದಾಯಿತು ಅನ್ನು.

ಅನುಷಾ: ಕ್ಯಾರೊಟಿನ್ ಮಟ್ಟಿಗೆ ಹೌದು. ಲ್ಯೂಟಿನ್ ಬಣ್ಣವಾಗಿಯೇ ದುಡಿಯುತ್ತದೆ. ಇವಳ ಅಂಗೈಯಲ್ಲಿರುವುದು ಮಾರ್ಪಾಡಾಗದೆ ಉಳಿದದ್ದು. ಬೇಕಾದಷ್ಟನ್ನೇ ಮಾರ್ಪಡಿಸುವ ಈ ವಿವೇಕ ಕರುಳಿಗಿರುವುದರಿಂದಲೇ ಕುಂಬಳ ತಿಂದು ವಿಟಮಿನ್ ಎ ನಂಜಾಗುವುದಿಲ್ಲ. ಔಷಧಿಯ ರೂಪದಲ್ಲಿ ಅತಿಯಾದರೆ ಆಗುತ್ತದೆ. ಇನ್ನು ಕೆಲವು ಬಣ್ಣ ಕೂಸಿಗೆ ಅಡ್ಡಿಯೂ ಹೌದು. ರಾಗಿಯ ಸಿಪ್ಪೆಗೆ ಕಂದು ಕೊಡುವ ಟ್ಯಾನಿನ್‌ನಂಥವು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತವೆ.

ಶಾರದಮ್ಮ: ಅದಕ್ಕೇ ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ಬಟ್ಟೆಯಲ್ಲಿ ಜರಡಿ ಹಿಡಿದು ರಾಗಿ ಸರಿ ಮಾಡುವುದು. ಅಮ್ಮ ಟ್ಯಾನಿನ್ ಹೆಸರು ಕೇಳಿದವಳಲ್ಲ. ಅದಿರಲಿ, ಸೊಪ್ಪು ಇಷ್ಟೆಲ್ಲ ಕೊಡುವಾಗ ಒಂಬತ್ತು ತಿಂಗಳಿಗೆ ಆ ವಿಟಮಿನ್ ಎ ಸಿರಪ್ ಯಾಕೆ?

ಅನುಷಾ: ಯಾಕೆಂದರೆ ತಟ್ಟೆಯಲ್ಲಿ ಕಂಡದ್ದೆಲ್ಲ ರಕ್ತಕ್ಕೆ ಸೇರುವುದಿಲ್ಲ. ಪಶ್ಚಿಮ ಜಾವಾದಲ್ಲಿ ಹಾಲೂಡಿಸುವ ತಾಯಂದಿರಿಗೆ ದಿನಾ ಕಡುಹಸಿರು ಸೊಪ್ಪು ಕೊಟ್ಟು ನೋಡಿದರು. ಸಾಸ್ಕಿಯಾ ದೆ ಪೇ, ಕ್ಲೈವ್ ವೆಸ್ಟ್ ಮತ್ತು ಸಂಗಡಿಗರ ಆ ವರದಿ ಬಂದದ್ದು 1995ರಲ್ಲಿ. ಸೊಪ್ಪು ತಿಂದವರಲ್ಲಿ ವಿಟಮಿನ್ ಎ ಏರಲಿಲ್ಲ, ಬೀಟಾ ಕ್ಯಾರೊಟಿನ್ ಬೆರೆಸಿದ ಬಿಸ್ಕತ್ತು ತಿಂದವರಲ್ಲಿ ಏರಿತು. ಎಲೆಯ ಕೋಶದೊಳಗೆ ಅದು ಅಷ್ಟು ಬಿಗಿಯಾಗಿ ಸಿಕ್ಕಿಕೊಂಡಿರುತ್ತದೆ. 2001ರಲ್ಲಿ ಅಮೆರಿಕದ ತಜ್ಞರು ಲೆಕ್ಕವನ್ನೇ ಬದಲಿಸಿದರು. ಒಂದು ಪಾಲು ವಿಟಮಿನ್‌ಗೆ ಆಹಾರದ ಬೀಟಾ ಕ್ಯಾರೊಟಿನ್ 6 ಪಾಲು ಸಾಕು ಎಂದಿದ್ದದ್ದು 12 ಆಯಿತು.

ಶಾರದಮ್ಮ: ಸೊಪ್ಪಿನ ಮೇಲೆ ತಪ್ಪು ಹೊರಿಸಬೇಡ. ಚೆನ್ನಾಗಿ ಬೇಯಿಸಿ, ಅರೆದು, ತುಪ್ಪ ಹಾಕಿದರೆ?

ಅನುಷಾ: ಆಗ ಬಿಗಿ ಸಡಿಲುತ್ತದೆ, ಜಿಡ್ಡಿನ ಜತೆ ಕರುಳು ಅದನ್ನು ಒಳಗೆ ತೆಗೆದುಕೊಳ್ಳುತ್ತದೆ. ಮಾವು, ಪಪ್ಪಾಯಿ, ಕುಂಬಳದಲ್ಲಿ ಎಲೆಗಿಂತ ಸುಲಭ. ಆದರೆ ತುಪ್ಪ, ಹಣ್ಣು ಎಲ್ಲರ ಮನೆಯಲ್ಲೂ ಇಲ್ಲವಲ್ಲ ದೊಡ್ಡಮ್ಮ. 1986ರಲ್ಲಿ ಆಲ್ಫ್ರೆಡ್ ಸಾಮರ್ ತಂಡ ಇಂಡೊನೇಷ್ಯಾದ ಆಚೆ ಎಂಬ ಪ್ರಾಂತ್ಯದಲ್ಲಿ ತೋರಿಸಿದ್ದು ಕಣ್ಣುಳಿಯುವ ಮಾತನ್ನಷ್ಟೇ ಅಲ್ಲ. ವಿಟಮಿನ್ ಎ ಕೊಟ್ಟ ಹಳ್ಳಿಗಳಲ್ಲಿ ಪುಟ್ಟ ಮಕ್ಕಳ ಸಾವೇ ಸುಮಾರು ಮೂರನೆಯ ಒಂದರಷ್ಟು ತಗ್ಗಿತ್ತು.

ಶಾರದಮ್ಮ: ನಮ್ಮಲ್ಲಿ 1970ರಲ್ಲೇ ಆ ಸಿರಪ್ ಕಾರ್ಯಕ್ರಮ ಶುರುವಾಯಿತು. ತಳಹದಿಯ ಸಂಶೋಧನೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯದು. ಅದನ್ನು ಮುನ್ನಡೆಸಿದ ಸಿ. ಗೋಪಾಲನ್ ಅವರೇ ಮುಂದೆ, ಸೊಪ್ಪು ತರಕಾರಿಯೇ ಬಾಳುವ ದಾರಿ ಎಂದು ವಾದಿಸಿದರು. ನನಗೆ ಅದು ಸರಿ ಕಾಣುತ್ತದೆ. ಸಿರಪ್ ಕೊರತೆ ತುಂಬುತ್ತದೆ, ನಾಲಿಗೆಗೆ ಏನನ್ನೂ ಕಲಿಸುವುದಿಲ್ಲ.

ಅನುಷಾ: ನಾಲಿಗೆಯ ಮಾತು ನಿಜ. ಬಸಿರಲ್ಲೋ ಬಾಣಂತನದಲ್ಲೋ ತಾಯಿ ಕ್ಯಾರೆಟ್ ರಸ ಕುಡಿದಿದ್ದರೆ ಮಗು ಆ ರುಚಿಯನ್ನು ಮುಂದೆ ಸುಲಭವಾಗಿ ಒಪ್ಪುತ್ತದೆ ಎಂದು ಜೂಲಿ ಮೆನೆಲ್ಲಾ 2001ರಲ್ಲಿ ತೋರಿಸಿದ್ದಾರೆ. ಆದರೂ ಹಣ್ಣು ಕೊಳ್ಳಲಾಗದ ಮನೆಯ ಮಗುವಿಗೆ ಸಿರಪ್ ನಿಲ್ಲಿಸಿ ಎಂದರೆ ನಾನು ಒಪ್ಪಲಾರೆ.

ಶಾರದಮ್ಮ: ನಿಲ್ಲಿಸು ಅಂದೆನೇ? ಅಂಗನವಾಡಿಯ ಹಿತ್ತಲಲ್ಲಿ ಒಂದು ನುಗ್ಗೆ, ಒಂದು ಪಪ್ಪಾಯಿ ಬೆಳೆಯಲಿ ಅಂದೆ.

ಅನುಷಾ: ಬೆಳೆಯಲಿ. ಅಲ್ಲಿನ ಅಡುಗೆಗೆ ಎಣ್ಣೆ ಕಡಿತವಾಗದಂತೆಯೂ ನೋಡಿಕೊಳ್ಳಬೇಕು.